ಫುಡ್ ಸೈನ್ಸ್ ಓದಲು ಮೂರು ದಾರಿ: ಎರಡು ನಾನು ನಡೆದದ್ದು, ಒಂದು ನನ್ನ ತಂಗಿ ನಡೆದದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿ.ಟೆಕ್‌ಗೆ. ಅದೂ ಸರ್ಕಾರಿ ಕೃಷಿ ಅಥವಾ ಪಶು ವಿಶ್ವವಿದ್ಯಾಲಯದ ನಾಲ್ಕು ವರ್ಷದ ಬಿ.ಟೆಕ್. ಡೇರಿ ಟೆಕ್ನಾಲಜಿ ಆದರೂ ಸರಿ, ಫುಡ್ ಟೆಕ್ನಾಲಜಿ ಆದರೂ ಸರಿ. ಆದರೆ ಅದನ್ನು ಓದಿದ್ದು ನಾನಲ್ಲ, ನನ್ನ ತಂಗಿ. ನಾನು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಮೂರು ವರ್ಷದ ಬಿ.ಎಸ್ಸಿ ಮಾಡಿದೆ. ಅಲ್ಲಿಂದ ಮುಂದೆ ಹೋಗಲಾಗದೆ ಒಂದು ವರ್ಷ ಒದ್ದಾಡಿದೆ. ಆಮೇಲೆ ಮೈಸೂರಿನ ಸಿಎಫ್‌ಟಿಆರ್‌ಐ ಎನ್ನುವ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಎಂ.ಎಸ್ಸಿ ಫುಡ್ ಟೆಕ್ನಾಲಜಿ ಸೀಟು ಸಿಕ್ಕಿತು. ಹೀಗೆ ಮೂರೂ ದಾರಿಯ ಖರ್ಚು, ಲಾಭ, ತೊಂದರೆ ಎಲ್ಲ ನಮ್ಮ ಮನೆಯೊಳಗೇ ಗೊತ್ತಾಗಿದೆ.

ಪಿಯುಸಿ ರಿಸಲ್ಟ್ ಬಂದ ವಾರದಿಂದ ಊರಿನ ಕಡೆಯ ಫೋನ್ ಶುರುವಾಗುತ್ತದೆ. "ಮಗಳನ್ನ ಫುಡ್ ಸೈನ್ಸ್‌ಗೆ ಹಾಕೋಣ ಅಂತಿದೀವಿ, ಕೆಲಸ ಸಿಗುತ್ತಾ?" ಎಂದು ಕೇಳುತ್ತಾರೆ. ಸಿಗುತ್ತದೆ. ಆದರೆ ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಎನ್ನುವುದರ ಮೇಲೆ ಯಾವ ಕೆಲಸ ಎನ್ನುವುದು ನಿಂತಿದೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಕಡೆಯ ಹಳ್ಳಿ. ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಕೂತಿರುತ್ತದೆ. ಒಳಗಿನ ನೀರು ಪೂರ್ತಿ ಆರಿದ ಮೇಲೆ ಕಾಯಿ ಅಲ್ಲಾಡಿಸಿದರೆ ಗಿಟುಕು ಲೊಡಲೊಡ ಸದ್ದು ಮಾಡುತ್ತದೆ. ಆಗ ಸುಲಿದು, ಒಡೆದು ಉಂಡೆ ಕೊಬ್ಬರಿ ತೆಗೆಯುವುದು. ಕೆಲವು ವರ್ಷ ಗಿಟುಕು ಬೆಳ್ಳಗೆ ಹೊಳೆಯುತ್ತಿತ್ತು. ಕೆಲವು ವರ್ಷ ಅರ್ಧಕ್ಕರ್ಧ ಬೂಷ್ಟು. "ಮಳೆ ಹಿಡ್ಕೊಂಡ ವರ್ಷ ಹಿಂಗೇ ಕಣಮ್ಮ" ಎನ್ನುತ್ತಿದ್ದರು ಅಪ್ಪ. ಯಾಕೆ ಹಿಂಗೇ ಎನ್ನುವುದು ನನ್ನ ಪ್ರಶ್ನೆ. ಆ ಪ್ರಶ್ನೆಯ ಬೆನ್ನು ಹತ್ತಿಯೇ ನಾನು ಈ ವಿಷಯಕ್ಕೆ ಬಂದದ್ದು. ಆ ಪ್ರಶ್ನೆಗೆ ಉತ್ತರ ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎನ್ನುವುದೇ ನನ್ನ ಮಟ್ಟಿಗೆ ಕಾಲೇಜುಗಳನ್ನು ಅಳೆಯುವ ಅಳತೆ.

ಮೊದಲು ಬಿ.ಎಸ್ಸಿ. 2013ರಲ್ಲಿ ಸೇರಿದೆ. ಸಿಇಟಿ ಬರೆದಿದ್ದೆ. ಆದರೆ ಅದೇ ಸಿಇಟಿಯಲ್ಲಿ ಕೃಷಿ ಕೋರ್ಸುಗಳು ಎಂದು ಬೇರೆ ಪಟ್ಟಿ ಇದೆ, ಅದರೊಳಗೆ ಡೇರಿ ಟೆಕ್ನಾಲಜಿ, ಫುಡ್ ಟೆಕ್ನಾಲಜಿ ಬರುತ್ತವೆ ಎಂದು ನಮಗೆ ಯಾರೂ ಹೇಳಲಿಲ್ಲ. ಕೃಷಿ ವಿಶ್ವವಿದ್ಯಾಲಯ ಎಂದರೆ ಬಿ.ಎಸ್ಸಿ ಅಗ್ರಿ ಮಾತ್ರ ಎಂದುಕೊಂಡಿದ್ದೆವು. ಕೈಗೆ ಸಿಕ್ಕಿದ್ದು ಆ ಖಾಸಗಿ ಕಾಲೇಜಿನ ಬ್ರೋಷರ್. ಬಿಳಿ ಕೋಟು ಹಾಕಿದ ಹುಡುಗಿ ಮೈಕ್ರೋಸ್ಕೋಪ್ ಮುಂದೆ ಕೂತಿದ್ದ ಫೋಟೋ. ಕೆಳಗೆ "ಫುಡ್ ಟೆಕ್ನಾಲಜಿಸ್ಟ್, ಕ್ವಾಲಿಟಿ ಮ್ಯಾನೇಜರ್, ಆಹಾರ ಸುರಕ್ಷತಾ ಅಧಿಕಾರಿ" ಎಂದು ಸಾಲಾಗಿ ಬರೆದಿತ್ತು. ಕೆಮಿಸ್ಟ್ರಿ, ಜೂವಾಲಜಿ, ಫುಡ್ ಸೈನ್ಸ್ ಅಂಡ್ ನ್ಯೂಟ್ರಿಷನ್, ಈ ಮೂರು ವಿಷಯದ ಕಾಂಬಿನೇಷನ್. ವರ್ಷಕ್ಕೆ 65 ಸಾವಿರ ಫೀಸು, ಪಿಜಿ ಬಾಡಿಗೆ ಬೇರೆ. ಅಪ್ಪ ಒಂದು ವರ್ಷದ ಕೊಬ್ಬರಿ ದುಡ್ಡನ್ನು ಹಾಗೇ ತಂದು ಕೊಟ್ಟರು.

ಪಾಠ ಕೆಟ್ಟದಾಗಿರಲಿಲ್ಲ, ಅದನ್ನು ಹೇಳಲೇಬೇಕು. ನ್ಯೂಟ್ರಿಷನ್ ಮೇಡಂ ಬಹಳ ಚೆನ್ನಾಗಿ ಹೇಳಿಕೊಟ್ಟರು. ರಾಗಿಯಲ್ಲಿ ಕ್ಯಾಲ್ಸಿಯಂ ಎಷ್ಟು, ಅದರಲ್ಲಿ ಮೈಗೆ ಹತ್ತುವುದು ಎಷ್ಟು, ಮೊಳಕೆ ಕಟ್ಟಿದರೆ ಏನು ಬದಲಾಗುತ್ತದೆ, ಇದೆಲ್ಲ ಇವತ್ತಿಗೂ ನನ್ನ ಕೆಲಸಕ್ಕೆ ಬರುತ್ತದೆ. ತೊಂದರೆ ಇದ್ದದ್ದು ಲ್ಯಾಬಿನಲ್ಲಿ. ಲ್ಯಾಬು ಎಂದರೆ ಗ್ಯಾಸ್ ಒಲೆ, ಕುಕ್ಕರು, ತಕ್ಕಡಿ. ಸಕ್ಕರೆ ಕಾಯಿಲೆಯವರಿಗೆ ಊಟದ ಪಟ್ಟಿ ಮಾಡುವುದು, ಗರ್ಭಿಣಿಯರಿಗೆ ಮಾಡುವುದು, ಅದರಂತೆ ಅಡುಗೆ ಮಾಡಿ ತಟ್ಟೆಯಲ್ಲಿ ಜೋಡಿಸಿ ತೋರಿಸುವುದು. ಡಯಟಿಷಿಯನ್ ಆಗುವವರಿಗೆ ಅದು ಸರಿಯಾದ ತರಬೇತಿಯೇ. ನನಗೆ ಬೇಕಿದ್ದದ್ದು ಅದಲ್ಲ. ಮೂರು ವರ್ಷದಲ್ಲಿ ಒಂದೇ ಸಲ ಕಾರ್ಖಾನೆಗೆ ಕರೆದುಕೊಂಡು ಹೋದರು. ಗಾಜಿನ ಈಚೆ ನಿಂತು ಬಿಸ್ಕತ್ತು ಸಾಲಾಗಿ ಹೋಗುವುದನ್ನು ನೋಡಿ, ತಲೆಗೊಂದು ಪ್ಯಾಕೆಟ್ ಇಸಿದುಕೊಂಡು ಬಂದೆವು. ಅಟ್ಟದ ಪ್ರಶ್ನೆಗೆ ಮೂರು ವರ್ಷದಲ್ಲಿ ಉತ್ತರ ಸಿಗಲಿಲ್ಲ.

ಇಷ್ಟಾದರೂ ನಾನು ಆ ಕಾಲೇಜನ್ನು ಕ್ಷಮಿಸುತ್ತಿದ್ದೆ. ಕ್ಷಮಿಸಲು ಆಗದೇ ಇದ್ದದ್ದು ಇನ್ನೊಂದು ವಿಷಯ. ಅದನ್ನು ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಅಡ್ಮಿಷನ್ ಸಮಯದಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಡಿಗ್ರಿ ಸರ್ಟಿಫಿಕೇಟಿನ ಮೇಲೆ ಏನೆಂದು ಬರೆದಿರುತ್ತದೆ? ಅಷ್ಟೇ ಪ್ರಶ್ನೆ.

2016ರಲ್ಲಿ ಪಾಸಾಗಿ ಪೀಣ್ಯ ಕಡೆಯ ಒಂದು ಟೆಸ್ಟಿಂಗ್ ಲ್ಯಾಬಿಗೆ ಸೇರಿದ್ದೆ. ಸಂಬಳ 13 ಸಾವಿರ. ಕೆಲವು ತಿಂಗಳಾದ ಮೇಲೆ ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ಅರ್ಜಿ ತುಂಬಲು ಕೂತೆ. ಬ್ರೋಷರಿನಲ್ಲೇ ಆ ಹುದ್ದೆಯ ಹೆಸರು ಇತ್ತಲ್ಲ, ಧೈರ್ಯವಾಗಿಯೇ ಕೂತೆ. ವಿದ್ಯಾರ್ಹತೆ ಎನ್ನುವ ಜಾಗದಲ್ಲಿ ಒತ್ತಿದರೆ ಒಂದು ಪಟ್ಟಿ ಬಿಚ್ಚಿಕೊಂಡಿತು. ಫುಡ್ ಟೆಕ್ನಾಲಜಿ, ಡೇರಿ ಟೆಕ್ನಾಲಜಿ, ಬಯೋಟೆಕ್ನಾಲಜಿ, ಆಯಿಲ್ ಟೆಕ್ನಾಲಜಿ, ಕೃಷಿ ವಿಜ್ಞಾನ, ಪಶುವೈದ್ಯ ವಿಜ್ಞಾನ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿಯಲ್ಲಾದರೆ ಸ್ನಾತಕೋತ್ತರ ಪದವಿ, ಇಲ್ಲವೇ ವೈದ್ಯಕೀಯ ಪದವಿ. ಇದು ಯಾರೋ ಗುಮಾಸ್ತರು ಮಾಡಿದ ಪಟ್ಟಿಯಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ, ಅದರ ಕೆಳಗಿನ 2011ರ ನಿಯಮಗಳಲ್ಲೇ ಈ ಪಟ್ಟಿ ಇದೆ. ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಫುಡ್ ಸೈನ್ಸ್ ಅಂಡ್ ನ್ಯೂಟ್ರಿಷನ್ ಎನ್ನುವ ಹೆಸರೇ ಇರಲಿಲ್ಲ. ಕೆಮಿಸ್ಟ್ರಿ ಓದಿದ್ದೆ, ಆದರೆ ಅದಕ್ಕೆ ಎಂ.ಎಸ್ಸಿ ಬೇಕು. ಜೂವಾಲಜಿ ಪಟ್ಟಿಯಲ್ಲೇ ಇಲ್ಲ.

ಪಟ್ಟಿಯ ಕೊನೆಗೆ ಒಂದು ಸಾಲು ಇರುತ್ತದೆ, "ಕೇಂದ್ರ ಸರ್ಕಾರ ಅಧಿಸೂಚಿಸಿದ ತತ್ಸಮಾನ ಅರ್ಹತೆ" ಎಂದು. ನಾನು ಆ ಒಂದು ಸಾಲನ್ನು ಹಿಡಿದುಕೊಂಡು ಓಡಾಡಿದೆ. ವಿಚಾರಿಸಿದಾಗ, ನಿಮ್ಮ ಡಿಗ್ರಿ ಫುಡ್ ಟೆಕ್ನಾಲಜಿಗೆ ಸಮ ಎಂದು ಯೂನಿವರ್ಸಿಟಿಯಿಂದ ಪತ್ರ ತನ್ನಿ, ನೋಡೋಣ ಎಂದರು. ಕಾಲೇಜಿಗೆ ಹೋದೆ. ಅದು ನಮ್ಮ ಕೈಯಲ್ಲಿಲ್ಲ, ಯೂನಿವರ್ಸಿಟಿಗೆ ಹೋಗಿ ಎಂದರು. ಅಲ್ಲಿಗೆ ಹೋದರೆ ಮೂರು ವರ್ಷದ ಸಿಲಬಸ್ಸಿನ ಪ್ರತಿ ಪುಟಕ್ಕೂ ಪ್ರಿನ್ಸಿಪಾಲರ ಸೀಲು, ಸಹಿ ಬೇಕು ಎಂದರು. ಒಟ್ಟು 64 ಪುಟ. ಮತ್ತೆ ಕಾಲೇಜು. ಪ್ರಿನ್ಸಿಪಾಲರು ರಜೆ. ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಮೂರನೇ ಸಲ ಹೋದಾಗ ಆಫೀಸಿನ ಅಕ್ಕ ಒಬ್ಬರು ನನ್ನ ಪಕ್ಕ ಕೂತು ಒಂದೊಂದೇ ಪುಟಕ್ಕೆ ಸೀಲು ಒತ್ತಿಕೊಟ್ಟರು. ಇಂಕ್ ಪ್ಯಾಡು ಒಣಗಿ, ನಡುವೆ ಎರಡು ಸಲ ಇಂಕು ಹಾಕಬೇಕಾಯಿತು. ಆ ಕಟ್ಟನ್ನು ತೆಗೆದುಕೊಂಡು ಹೋಗಿ ಕೊಟ್ಟೆ. ಇದು ಬೋರ್ಡ್ ಆಫ್ ಸ್ಟಡೀಸ್, ಅಂದರೆ ಪಠ್ಯ ಸಮಿತಿಯ ಮುಂದೆ ಹೋಗಬೇಕು, ಸಭೆ ಯಾವಾಗ ಅಂತ ಹೇಳೋಕಾಗಲ್ಲ ಎಂದರು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದೇ ಹೋಯಿತು.

ಆ ದಿನ ಸಂಜೆ ಬಸ್ಸಿನಲ್ಲಿ ಕೂತು ನನಗೆ ಬಂದದ್ದು ಸಿಟ್ಟಿಗಿಂತ ಜಾಸ್ತಿ ದುಃಖ. ನಾನು ಫುಡ್ ಕೆಮಿಸ್ಟ್ರಿ ಓದಿದ್ದೆ, ಫುಡ್ ಮೈಕ್ರೋಬಯಾಲಜಿ ಓದಿದ್ದೆ, ಕಲಬೆರಕೆ ಪತ್ತೆ ಮಾಡುವುದು ಓದಿದ್ದೆ. ಅಪ್ಪನ ಮೂರು ವರ್ಷದ ಕೊಬ್ಬರಿ ದುಡ್ಡು ಅದರೊಳಗಿತ್ತು. ಹೆಸರಿನ ಎರಡು ಪದ ಬೇರೆ ಇದ್ದದ್ದಕ್ಕೆ ಒಂದು ಬಾಗಿಲು ಪೂರ್ತಿ ಮುಚ್ಚಿತು. ಹಾಗೆಂದು ಎಲ್ಲ ಕಡೆಯೂ ಹೀಗೇ ಇಲ್ಲ. ಫುಡ್ ಅನಲಿಸ್ಟ್ ಹುದ್ದೆಯ ಅರ್ಹತೆಯಲ್ಲಿ ಫುಡ್ ಅಂಡ್ ನ್ಯೂಟ್ರಿಷನ್ ಎಂದು ಸ್ಪಷ್ಟವಾಗಿ ಬರೆದಿದೆ, ಆದರೆ ಅದಕ್ಕೆ ಸ್ನಾತಕೋತ್ತರ ಪದವಿ, ಅನುಭವ, ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಪರೀಕ್ಷೆ ಎಲ್ಲ ಬೇಕು. ಖಾಸಗಿ ಕಂಪನಿಗಳು ಸರ್ಟಿಫಿಕೇಟಿನ ಹೆಸರನ್ನು ಅಷ್ಟಾಗಿ ನೋಡುವುದಿಲ್ಲ. ಆದರೆ ಇಪ್ಪತ್ತೊಂದರ ವಯಸ್ಸಿನಲ್ಲಿ ಸರ್ಕಾರಿ ಕೆಲಸದ ಆಸೆ ಇರುವ ಮನೆಯ ಮಕ್ಕಳಿಗೆ ಈ ಒಂದು ವಿಷಯ ಎಲ್ಲಕ್ಕಿಂತ ದೊಡ್ಡದು. ಸೇರುವ ಮುಂಚೆ ಸೀನಿಯರ್ ಒಬ್ಬರ ಡಿಗ್ರಿ ಸರ್ಟಿಫಿಕೇಟನ್ನು ಕಣ್ಣಾರೆ ನೋಡಿ. ಬ್ರೋಷರ್ ನೋಡಬೇಡಿ. ಸರ್ಟಿಫಿಕೇಟಿನಲ್ಲಿರುವ ಹೆಸರು ನಿಮಗೆ ಬೇಕಾದ ಹುದ್ದೆಯ ನಿಯಮದಲ್ಲಿ ಇದೆಯಾ ಎಂದು ಅಕ್ಷರಕ್ಕೆ ಅಕ್ಷರ ಹೋಲಿಸಿ.

ಡಯಟಿಷಿಯನ್ ಆಗಬೇಕು ಎನ್ನುವವರಿಗೆ ಮಾತ್ರ ನನ್ನ ಈ ದೂರು ಅನ್ವಯಿಸುವುದಿಲ್ಲ. ನನ್ನ ಜೊತೆ ಓದಿದ ಗೆಳತಿ ಆಮೇಲೆ ಡಯಟೆಟಿಕ್ಸ್‌ನಲ್ಲಿ ಮುಂದುವರಿದು, ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಮುಗಿಸಿ, ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್‌ನ ಆರ್‌ಡಿ (ನೋಂದಾಯಿತ ಡಯಟಿಷಿಯನ್) ಪರೀಕ್ಷೆ ಪಾಸು ಮಾಡಿದಳು. ಅವಳಿಗೆ ಅದೇ ಬಿ.ಎಸ್ಸಿ ಚಿನ್ನ.

ಇನ್ನು ಮೈಸೂರು. ಸಿಎಫ್‌ಟಿಆರ್‌ಐ ಶುರುವಾದದ್ದು 1950ರಲ್ಲಿ, ಚೆಲುವಾಂಬ ಮ್ಯಾನ್ಷನ್‌ನಲ್ಲಿ. ಅರಮನೆಯಂಥ ಆ ಬಿಳಿ ಕಟ್ಟಡದ ಮುಂದೆ ಬಸ್ಸಿನಲ್ಲಿ ಹೋದವರೆಲ್ಲ ನೋಡಿರುತ್ತೀರಿ. ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನ ಪುಡಿ ಮಾಡುವ ವಿಧಾನ ಕಂಡುಹಿಡಿದು ಅಮುಲ್‌ಗೆ ಕೊಟ್ಟದ್ದು ಇಲ್ಲಿಯವರೇ. ಎಂ.ಎಸ್ಸಿಗೆ ಪ್ರವೇಶ ಪರೀಕ್ಷೆ ಇತ್ತು, ಸೀಟು ಕಮ್ಮಿ. ಆ ಬಿ.ಎಸ್ಸಿಯಲ್ಲಿ ಕೆಮಿಸ್ಟ್ರಿ ಇದ್ದದ್ದೇ ನನ್ನನ್ನು ಕಾಪಾಡಿತು. ಲ್ಯಾಬಿನ ಕೆಲಸ ಮಾಡಿಕೊಂಡೇ ರಾತ್ರಿ ಓದಿ ಬರೆದೆ. 2017ರಲ್ಲಿ ಸೇರಿದೆ.

ಅಲ್ಲಿ ಸೇರಿದ ಎರಡನೇ ತಿಂಗಳು. ವಾಟರ್ ಆಕ್ಟಿವಿಟಿ, ಅಂದರೆ ಆಹಾರದಲ್ಲಿ ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವ ನೀರನ್ನು ಸೊನ್ನೆಯಿಂದ ಒಂದರ ಅಳತೆಯಲ್ಲಿ ಅಳೆಯುವ ಪ್ರಾಕ್ಟಿಕಲ್. ಮನೆಯಿಂದ ಏನಾದರೂ ತನ್ನಿ ಎಂದಿದ್ದರು. ನಾನು ಎರಡು ಗಿಟುಕು ತಂದಿದ್ದೆ. ಒಂದು ಚೆನ್ನಾಗಿರುವುದು, ಒಂದು ಬೂಷ್ಟು ಹಿಡಿದದ್ದರ ಪಕ್ಕದ ಸಾಲಿನದು. ಸಣ್ಣಗೆ ತುರಿದು ಬಟ್ಟಲಿಗೆ ಹಾಕಿ ಮೀಟರಿನ ಮುಚ್ಚಳ ಮುಚ್ಚಿದೆ. ಚೆನ್ನಾಗಿದ್ದದ್ದು 0.6ರ ಕೆಳಗೆ ಬಂದು ನಿಂತಿತು. ಇನ್ನೊಂದು 0.75 ದಾಟಿತು. ಕೊಬ್ಬರಿಯಲ್ಲಿ ಒಟ್ಟು ಎಷ್ಟು ನೀರಿದೆ ಎನ್ನುವುದಕ್ಕಿಂತ ಬೂಷ್ಟಿನ ಕೈಗೆ ಸಿಗುವ ನೀರು ಎಷ್ಟು ಎನ್ನುವುದು ಮುಖ್ಯ. 0.6ಕ್ಕಿಂತ ಕೆಳಗೆ ಯಾವ ಬೂಷ್ಟೂ ಬೆಳೆಯುವುದಿಲ್ಲ. ಮಳೆಗಾಲ ಉದ್ದವಾದರೆ ಅಟ್ಟದ ಗಾಳಿಯಲ್ಲೇ ತೇವ ಜಾಸ್ತಿ, ಕಾಯಿ ಒಣಗುವುದು ನಿಧಾನ, ಆ ಗೆರೆಯ ಮೇಲೆ ಅದು ಹೆಚ್ಚು ದಿನ ನಿಲ್ಲುತ್ತದೆ. ಅಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಅಟ್ಟಕ್ಕೆ ಗಾಳಿ ಆಡೋ ಹಂಗೆ ಮಾಡಬೇಕು ಅಂತೀಯ" ಎಂದರು. ಹೌದು ಅಪ್ಪ, ಅಷ್ಟೇ ಎಂದೆ. ಆ ಬೇಸಿಗೆಯಲ್ಲೇ ಹೆಂಚಿನ ಕೆಳಗೆ ಎರಡು ಕಡೆ ಜಾಲರಿ ಬಂತು.

ಸಿಎಫ್‌ಟಿಆರ್‌ಐ ಬಗ್ಗೆ ಇನ್ನೂ ಎಷ್ಟೋ ಹೇಳಬಹುದು. ಪೈಲಟ್ ಪ್ಲಾಂಟ್ ಎನ್ನುವ ಪುಟ್ಟ ಪ್ರಯೋಗದ ಕಾರ್ಖಾನೆಯಲ್ಲಿ ನಾವೇ ಮಷಿನ್ ನಡೆಸಿದೆವು. ಹಿಟ್ಟು ಎಷ್ಟು ನೀರು ಕುಡಿಯುತ್ತದೆ, ನಾದುವಾಗ ಎಷ್ಟು ಹೊತ್ತು ತಡೆಯುತ್ತದೆ ಎಂದು ಗೆರೆ ಎಳೆದು ತೋರಿಸುವ ಫ್ಯಾರಿನೋಗ್ರಾಫ್ ಮುಂದೆ ಗಂಟೆಗಟ್ಟಲೆ ಕೂತೆ. ಒಂದೇ ಆವರಣದಲ್ಲಿ ಧಾನ್ಯ, ಹಣ್ಣು ತರಕಾರಿ, ಮಾಂಸ ಮೀನು, ಬೇಕರಿ, ಹಿಟ್ಟಿನ ಗಿರಣಿ ಎಲ್ಲಕ್ಕೂ ಬೇರೆ ಬೇರೆ ವಿಭಾಗ. ಅದೇ ಊರಿನಲ್ಲಿ 1961ರಿಂದ ಡಿಎಫ್‌ಆರ್‌ಎಲ್ ಇದೆ, ಸೈನಿಕರ ಊಟದ ಸಂಶೋಧನೆಗೆ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ಜೊತೆ ಹೋದ ನಮ್ಮ ದೇಶದ ತಿಂಡಿ ತಯಾರಾದದ್ದು ಅಲ್ಲಿ. ಈ ಊರಿನಲ್ಲಿ ಎರಡು ವರ್ಷ ಇದ್ದರೆ ಸುಮ್ನೆ ಕಿವಿಗೆ ಬೀಳುವ ಮಾತೇ ಒಂದು ಪಾಠ. ಸರ್ಟಿಫಿಕೇಟಿನ ಮೇಲೆ "ಫುಡ್ ಟೆಕ್ನಾಲಜಿ" ಎಂದು ಅಚ್ಚಾಗಿ ಬಂದಾಗ ಆ ಪದದ ಮೇಲೆ ಬೆರಳಾಡಿಸಿ ನೋಡಿದೆ.

ಹಾಗಾದರೆ ಇದೇ ಒಳ್ಳೆಯ ದಾರಿ ಅಲ್ವಾ ಎಂದು ಕೇಳಬಹುದು. ಸೀಟು ಸಿಕ್ಕಿದರೆ ಹೌದು. ಆದರೆ ಮೂರು ಜೊತೆಗೆ ಎರಡು, ಐದು ವರ್ಷ. ನನ್ನ ಲೆಕ್ಕದಲ್ಲಿ ಒದ್ದಾಡಿದ ವರ್ಷ ಸೇರಿ ಆರು. ಸೀಟು ಸಿಗದಿದ್ದರೆ ಏನು ಎನ್ನುವ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಅಂಥ ಒಂದೇ ಬಾಗಿಲನ್ನು ನಂಬಿ ಬಿ.ಎಸ್ಸಿಗೆ ಸೇರಿ ಎಂದು ನಾನು ಯಾರಿಗೂ ಹೇಳಲಾರೆ.

ನಾನು ಮೈಸೂರಿಗೆ ಹೋದ ವರ್ಷವೇ ತಂಗಿ ಪಿಯುಸಿ ಮುಗಿಸಿದಳು. ಈ ಸಲ ಸಿಇಟಿ ಪುಸ್ತಕವನ್ನು ನಾನೇ ಮೊದಲ ಪುಟದಿಂದ ಓದಿದೆ. ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ಆಗ ನೂರಕ್ಕೆ 40 ಸೀಟು, ಆಮೇಲೆ 50ಕ್ಕೆ ಏರಿತು. ನಾಲ್ಕು ವರ್ಷದ ಹಿಂದೆ ಇದು ನನಗೂ ಇತ್ತು, ನಮ್ಮ ಪಹಣಿಯೂ ಮನೆಯ ಪೆಟ್ಟಿಗೆಯಲ್ಲೇ ಇತ್ತು. ಗೊತ್ತಿಲ್ಲದೇ ಬಿಟ್ಟೆ. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಕೋಟಾಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು, ಮೇಲೆ ಒಂದು ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಗಿಡ, ಸಲಕರಣೆ ತೋರಿಸಿ ಇದೇನು ಎಂದು ಕೇಳುತ್ತಾರೆ. ತಂಗಿ ಹಾಸ್ಟೆಲಿನಲ್ಲಿ ಬೆಳೆದವಳು, ಎಳ್ಳು ಹುಚ್ಚೆಳ್ಳಿನ ವ್ಯತ್ಯಾಸವೂ ಗೊತ್ತಿರಲಿಲ್ಲ. ಅಪ್ಪ ಒಂದು ಮೊರದಲ್ಲಿ ಇಪ್ಪತ್ತು ಬಗೆ ಬೀಜ ಹರಡಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ಸಜ್ಜೆ, ನವಣೆ, ಸಾಮೆ, ಹಾರಕ. ಹೆಸರು, ಉದ್ದು, ಅಲಸಂದೆ. "ನವಣೆ ಇದು, ಹಾರಕ ಅದು, ಕಣ್ಣಲ್ಲಿ ನೋಡ್ಬೇಡ, ಬೆರಳಲ್ಲಿ ಉಜ್ಜು" ಎನ್ನುತ್ತಿದ್ದರು. ಹದಿನೈದು ದಿನ ಇದೇ ನಡೆಯಿತು. ಪಿಯುಸಿಯಲ್ಲಿ ಗಣಿತವೂ ಇದ್ದದ್ದರಿಂದ ಬಿ.ಟೆಕ್‌ಗೆ ಅಡ್ಡಿಯಾಗಲಿಲ್ಲ. ಹೆಬ್ಬಾಳದ ಡೇರಿ ಸೈನ್ಸ್ ಕಾಲೇಜಿನಲ್ಲಿ ಡೇರಿ ಟೆಕ್ನಾಲಜಿ ಸೀಟು ಸಿಕ್ಕಿತು. ಫೀಸು? ನನ್ನ ಒಂದು ವರ್ಷದ ಫೀಸಿನಲ್ಲಿ ಅವಳ ಎರಡು ವರ್ಷ ಮುಗಿಯುತ್ತಿತ್ತು.

ಅವಳು ಎರಡನೇ ವರ್ಷದಲ್ಲಿದ್ದಾಗ ಒಂದು ದಿನ ನೋಡಲು ಹೋಗಿದ್ದೆ. ಗರ್ಬರ್ ಟೆಸ್ಟ್ ಮಾಡುತ್ತಿದ್ದಳು, ಹಾಲಿನ ಜಿಡ್ಡು ಅಳೆಯುವುದು. ಬ್ಯುಟಿರೋಮೀಟರ್ ಎನ್ನುವ ಅಳತೆಯ ಗಾಜಿನ ನಳಿಕೆಗೆ 10 ಎಂಎಲ್ ಆ್ಯಸಿಡ್, ಮೇಲೆ 10.75 ಎಂಎಲ್ ಹಾಲು ಗಾಜಿನ ಗೋಡೆಗುಂಟ ಮೆಲ್ಲಗೆ, ಆಮೇಲೆ 1 ಎಂಎಲ್ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಅಲ್ಲಾಡಿಸಿದಾಗ ಗಾಜು ಕೈಗೆ ಸುಡುವಷ್ಟು ಬಿಸಿಯಾಗುತ್ತದೆ, ಬಟ್ಟೆ ಸುತ್ತಿ ಹಿಡಿಯಬೇಕು. ಸೆಂಟ್ರಿಫ್ಯೂಜಿನಿಂದ ತೆಗೆದಾಗ ಹಳದಿ ಜಿಡ್ಡು ಕಡ್ಡಿಯ ಹಾಗೆ ನಿಂತಿತ್ತು. ಕಣ್ಣಿನ ಮಟ್ಟಕ್ಕೆ ಹಿಡಿದು "4.1 ಅಕ್ಕ" ಎಂದಳು. ಅವಳ ಬೆರಳಿಗೆ ಯಾವ ಅಂಜಿಕೆಯೂ ಇರಲಿಲ್ಲ. ನಾನು ಅದೇ ವಯಸ್ಸಿನಲ್ಲಿ ಆ ಟೆಸ್ಟನ್ನು ನೋಟ್ಸಿನಲ್ಲಿ ಬರೆದುಕೊಂಡಿದ್ದೆ, ಅಷ್ಟೇ.

ಬರೀ ಹಾಲಿನ ಪರೀಕ್ಷೆಯಲ್ಲ. ಬಾಯ್ಲರು, ಸ್ಟೀಮ್ ಲೈನು, ಕೂಲಿಂಗು, ಪಂಪು ಎಲ್ಲ ಓದಿದಳು. ಹಾಲನ್ನು 72 ಡಿಗ್ರಿಗೆ ಏರಿಸಿ 15 ಸೆಕೆಂಡು ಹಿಡಿಯಬೇಕು ಎಂದು ನನಗೂ ಗೊತ್ತು. ಆ 15 ಸೆಕೆಂಡು ಬರಬೇಕಾದರೆ ಪೈಪು ಎಷ್ಟು ಉದ್ದ ಇರಬೇಕು, ಬಿಸಿ ಸಾಲದೇ ಹೋದರೆ ವಾಲ್ವು ಹಾಲನ್ನು ಹೇಗೆ ಹಿಂದಕ್ಕೆ ತಿರುಗಿಸಬೇಕು ಎನ್ನುವುದು ಅವಳಿಗೆ ಗೊತ್ತು. ಬಿ.ಎಸ್ಸಿಗೂ ಬಿ.ಟೆಕ್‌ಗೂ ಇರುವ ವ್ಯತ್ಯಾಸ ಅದೇ. ಕೊನೆಯ ವರ್ಷ ತಿಂಗಳುಗಟ್ಟಲೆ ಡೇರಿಯಲ್ಲೇ ತರಬೇತಿ. ಹಾಲು ಒಕ್ಕೂಟಗಳು ತಾಂತ್ರಿಕ ಅಧಿಕಾರಿ ಹುದ್ದೆಗೆ ಕರೆದಾಗ ಡೇರಿ ಟೆಕ್ನಾಲಜಿ ಬಿ.ಟೆಕ್ ಎಂದೇ ಬರೆದಿರುತ್ತಾರೆ. ಆಹಾರ ಸುರಕ್ಷತಾ ಅಧಿಕಾರಿ ಪಟ್ಟಿಯಲ್ಲೂ ಅದರ ಹೆಸರು ಎರಡನೆಯದು. ಅವಳು ಯಾವ ಸಿಲಬಸ್ಸಿಗೂ ಸೀಲು ಒತ್ತಿಸಲಿಲ್ಲ. ಈಗ ಒಂದು ಡೇರಿಯ ಉತ್ಪಾದನಾ ವಿಭಾಗದಲ್ಲಿದ್ದಾಳೆ.

ಅವಳ ಕಷ್ಟವನ್ನೂ ಹೇಳಬೇಕು. ಹಾಲಿಗೆ ಹಬ್ಬ, ಭಾನುವಾರ ಇಲ್ಲ. ಬೆಳಗಿನ ಜಾವ ಎರಡಕ್ಕೆ ಪ್ಯಾಕಿಂಗ್ ಶುರು. ಯುಗಾದಿ ದಿನ ಮನೆಯಲ್ಲಿ ಅವಳನ್ನು ನಾವು ನೋಡಿ ಮೂರು ವರ್ಷವಾಯಿತು. ಡೇರಿ ಬೇಡ, ಎಲ್ಲ ಬಗೆಯ ಆಹಾರವೂ ಇರಲಿ ಎನ್ನುವವರು ಹಾಸನದ ಕೃಷಿ ಕಾಲೇಜಿನ ಫುಡ್ ಟೆಕ್ನಾಲಜಿ ಬಿ.ಟೆಕ್ ನೋಡಬಹುದು. ಜೆಇಇ ಮೇನ್ ಅಂಕ ಚೆನ್ನಾಗಿದ್ದು ಹೊರರಾಜ್ಯಕ್ಕೆ ಕಳಿಸುವ ಮನಸ್ಸಿದ್ದರೆ ಹರಿಯಾಣದ ಕುಂಡ್ಲಿ ಮತ್ತು ತಂಜಾವೂರಿನ ನಿಫ್ಟೆಮ್ ಇವೆ, ಕೇಂದ್ರ ಸರ್ಕಾರದ ಆಹಾರ ತಂತ್ರಜ್ಞಾನ ಸಂಸ್ಥೆಗಳು. ಅವುಗಳಲ್ಲಿ ನಮ್ಮ ಮನೆಯವರು ಯಾರೂ ಓದಿಲ್ಲ, ಆದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಕೆಲಸದ ವಿಷಯಕ್ಕೆ ಬಂದರೆ, ನಾನು ಮೂರು ಬಗೆ ಮಾಡಿ ನೋಡಿದ್ದೇನೆ.

ಟೆಸ್ಟಿಂಗ್ ಲ್ಯಾಬಿನಲ್ಲಿ ದಿನಕ್ಕೆ ಹದಿನಾಲ್ಕು ಸ್ಯಾಂಪಲ್ ಪ್ರೋಟೀನ್ ನೋಡುತ್ತಿದ್ದೆ, ಕೆಲ್ಡಾಲ್ ವಿಧಾನ. ಕಾರ್ಲ್ಸ್‌ಬರ್ಗ್ ಲ್ಯಾಬಿನಲ್ಲಿ 1883ರಲ್ಲಿ ಕಂಡುಹಿಡಿದದ್ದು, ಇವತ್ತಿಗೂ ನಡೆಯುತ್ತಿದೆ. ಆ್ಯಸಿಡ್‌ನಲ್ಲಿ ಕುದಿಸಿ, ಬಟ್ಟಿ ಇಳಿಸಿ, ಟೈಟ್ರೇಟ್ ಮಾಡಿ, ಬಂದ ನೈಟ್ರೋಜನ್ ಅನ್ನು 6.25ರಿಂದ ಗುಣಿಸುವುದು. ಹಾಲಾದರೆ 6.38. ಕೈ ಶುದ್ಧವಾಗುತ್ತದೆ, ಬರೆದಿಡುವ ಶಿಸ್ತು ಬರುತ್ತದೆ. ಆದರೆ ಸ್ಯಾಂಪಲ್ ಎಲ್ಲಿಂದ ಬಂತು, ಫಲಿತಾಂಶ ನೋಡಿ ಅವರು ಏನು ಮಾಡಿದರು ಎನ್ನುವುದು ನಮಗೆ ಗೊತ್ತಾಗುವುದೇ ಇಲ್ಲ. ನನಗೆ ಅದು ಸಾಲದು. ಶಾಂತವಾಗಿ ಒಂದೇ ಕಡೆ ಕೂತು ಮಾಡುವ ಕೆಲಸ ಇಷ್ಟವಿದ್ದವರಿಗೆ ಅದು ಒಳ್ಳೆಯ ಜಾಗ.

ಎಂ.ಎಸ್ಸಿ ಆದ ಮೇಲೆ ಬಿಸ್ಕತ್ತು ಕಾರ್ಖಾನೆಯ ಕ್ವಾಲಿಟಿ ವಿಭಾಗ. ಸಂಬಳ 28 ಸಾವಿರದಿಂದ ಶುರು. ಮೂರು ಶಿಫ್ಟು. ಗಂಟೆಗೊಮ್ಮೆ ಮೆಟಲ್ ಡಿಟೆಕ್ಟರಿನಲ್ಲಿ ಮೂರು ಟೆಸ್ಟ್ ಪೀಸ್ ಹಾಯಿಸಬೇಕು, ಒಂದು ಕಬ್ಬಿಣ, ಒಂದು ಕಬ್ಬಿಣವಲ್ಲದ ಲೋಹ, ಒಂದು ಸ್ಟೇನ್‌ಲೆಸ್ ಸ್ಟೀಲ್. ಮೂರನ್ನೂ ಅದು ಹೊರಗೆ ತಳ್ಳಬೇಕು. ಒಂದು ರಾತ್ರಿ ಮೂರು ಗಂಟೆಗೆ ಸ್ಟೀಲಿನ ಪೀಸು ಸುಮ್ಮನೆ ಆಚೆ ಹೋಯಿತು. ಮತ್ತೊಮ್ಮೆ ಹಾಕಿದೆ, ಮತ್ತೆ ಹೋಯಿತು. ಹಾಗಾದಾಗ ನಿಯಮ ಸರಳ. ಹಿಂದಿನ ಸಲ ಸರಿಯಾಗಿ ಹಿಡಿದ ಸಮಯದಿಂದ ಈವರೆಗೆ ಪ್ಯಾಕ್ ಆದದ್ದೆಲ್ಲ ಹೋಲ್ಡ್. ಕೆಂಪು ಚೀಟಿ ಅಂಟಿಸುತ್ತಾ ಹೋದೆ. ಲಾರಿ ಗೇಟಿನಲ್ಲಿ ನಿಂತಿತ್ತು. ಪ್ರೊಡಕ್ಷನ್ ಸೂಪರ್‌ವೈಸರ್ ವಯಸ್ಸಿನಲ್ಲಿ ಹಿರಿಯರು, "ಮೇಡಂ, ಒಂದು ಗಂಟೆಯ ಮಾಲು, ಏನೂ ಆಗಲ್ಲ ಬಿಡಿ" ಎಂದರು. ಬಿಡಲಿಲ್ಲ. ಬೆಳಿಗ್ಗೆ ಮಷಿನ್ ಸರಿಮಾಡಿ ಅಷ್ಟೂ ಡಬ್ಬವನ್ನು ಮತ್ತೆ ಹಾಯಿಸಿದೆವು. ಲೋಹ ಏನೂ ಸಿಗಲಿಲ್ಲ, ಆದರೆ ಆ ಬಿಸ್ಕತ್ತು ಯಾವುದೋ ಮಗುವಿನ ಕೈಗೆ ಹೋಗುವಂಥದ್ದು. ಈ ವಿಷಯ ಓದಿದ್ದು ಸಾರ್ಥಕ ಎಂದು ನನಗೆ ಅನ್ನಿಸಿದ್ದು ಆ ರಾತ್ರಿ. ರಾತ್ರಿ ಪಾಳಿ ಆಗದವರು, ಜಗಳಕ್ಕೆ ಹೆದರುವವರು ಇದಕ್ಕೆ ಬರಬೇಡಿ.

ಈಗ ಇರುವುದು ಹೊಸ ತಿಂಡಿ ತಯಾರಿಸುವ ವಿಭಾಗದಲ್ಲಿ. ನನಗೆ ಮೂರರಲ್ಲಿ ಇದೇ ಹೆಚ್ಚು ಇಷ್ಟ. ರಾಗಿಯಲ್ಲಿ ಗ್ಲುಟೆನ್, ಅಂದರೆ ಗೋಧಿ ಹಿಟ್ಟನ್ನು ಹಿಡಿದಿಡುವ ಅಂಟು ಪ್ರೋಟೀನ್ ಇಲ್ಲ, ಹಾಗಾಗಿ ಬಿಸ್ಕತ್ತು ಮಾಡಲು ಹೋದರೆ ಹಿಟ್ಟು ಒಡೆಯುತ್ತದೆ. ಆ ಒಂದು ತೊಂದರೆ ಬಿಡಿಸಲು ಎಂಟು ತಿಂಗಳು ಹಿಡಿಯಿತು. ಈ ಕೆಲಸಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಬಿ.ಟೆಕ್ ಮಾಡಿದವರೂ ಬರುತ್ತಾರೆ, ಅವರಿಗೆ ಕಾರ್ಖಾನೆಯ ಮಷಿನ್ ಗೊತ್ತಿರುವುದರಿಂದ ನಮಗಿಂತ ಬೇಗ ಮೇಲೆ ಹೋಗುತ್ತಾರೆ. ಇದನ್ನು ದಿನಾ ನೋಡುತ್ತಿದ್ದೇನೆ.

ಸ್ವಂತ ಘಟಕ ಹಾಕುವ ಆಸೆ ಇರುವವರಿಗೆ ಒಂದು ಮಾತು. ಸಣ್ಣ ಆಹಾರ ಘಟಕಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಘಟಕಕ್ಕೆ ಸಾಲದ ಜೊತೆ ನೂರಕ್ಕೆ 35 ಸಹಾಯಧನ ಇದೆ, ಗರಿಷ್ಠ 10 ಲಕ್ಷ. ರಾಜ್ಯ ಸರ್ಕಾರದ ಪಾಲೂ ಸೇರಿ 15 ಲಕ್ಷದವರೆಗೆ ಹೋಗುತ್ತದೆ. ಒಂದು ಜಿಲ್ಲೆ ಒಂದು ಉತ್ಪನ್ನ ಪಟ್ಟಿಯಲ್ಲಿ ತುಮಕೂರಿಗೆ ತೆಂಗು ಬಂದಿದೆ. ನಮ್ಮ ಅಟ್ಟವನ್ನು ನೋಡಿದಾಗೆಲ್ಲ ಈ ಯೋಚನೆ ಬರುತ್ತದೆ.

ನನ್ನ ತೀರ್ಮಾನ ನನ್ನ ಮನೆಯ ಲೆಕ್ಕದ್ದು. ಕೊಬ್ಬರಿ ದುಡ್ಡಿನಲ್ಲಿ ಓದುವ ಮನೆ, ಪಹಣಿ ಇದೆ, ಮಗುವಿಗೆ ಗಣಿತ ಬರುತ್ತದೆ, ಮಷಿನ್ ಹತ್ತಿರ ನಿಲ್ಲಲು ಭಯವಿಲ್ಲ ಎಂದರೆ ಎರಡನೇ ಯೋಚನೆ ಬೇಡ, ಬಿ.ಟೆಕ್. ಗಣಿತ ಬಿಟ್ಟವರು, ಆದರೆ ಇದೇ ವಿಷಯ ಬೇಕು ಎನ್ನುವವರು, ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಅಥವಾ ಬಯೋಕೆಮಿಸ್ಟ್ರಿ ಇರುವ ಬಿ.ಎಸ್ಸಿ ಮಾಡಿ. ಫೀಸು ಕಮ್ಮಿ, ಹೆಸರು ಪಟ್ಟಿಯಲ್ಲಿದೆ, ಕೆಮಿಸ್ಟ್ರಿಯೂ ಜೊತೆಗಿರಲಿ, ಅರ್ಹತೆ ನೋಡಿಕೊಂಡು ಮೈಸೂರಿಗೆ ಪ್ರಯತ್ನಿಸಬಹುದು. ಹೆಚ್ಚು ಫೀಸು ಕೊಟ್ಟು ನಾನು ಓದಿದಂಥ ಕಾಂಬಿನೇಷನ್‌ಗೆ ಸೇರುವುದು ಡಯಟಿಷಿಯನ್ ಆಗುವವರು ಮಾತ್ರ.

ಚಿಕ್ಕಪ್ಪನ ಮಗಳು ಈ ವರ್ಷ ಸಿಇಟಿ ಬರೆದಿದ್ದಾಳೆ. ಹೋದ ಭಾನುವಾರ ಊರಿಗೆ ಹೋಗಿದ್ದೆ. ತಹಶೀಲ್ದಾರ್ ಕಚೇರಿಯ ಅರ್ಜಿಯನ್ನು ನಾನೇ ತುಂಬಿಕೊಟ್ಟೆ. ಜಗಲಿಯ ಮೇಲೆ ಅಪ್ಪ ಮತ್ತೆ ಮೊರ ಇಟ್ಟುಕೊಂಡು ಕೂತಿದ್ದರು. ಅವಳು ಕಣ್ಣು ಮುಚ್ಚಿಕೊಂಡು ಒಂದು ಚಿಟಿಕೆ ಬೀಜವನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಸಾಮೆ, ದೊಡ್ಡಪ್ಪ" ಎಂದಳು. ಸರಿಯಾಗಿತ್ತು.